ಕಾರಿಗೆ ಹೊಸ ಬ್ಯಾಟರಿ: ಆರಿಸುವುದು ಹೇಗೆ, ಕೂರಿಸುವುದು ಹೇಗೆ

ಬ್ಯಾಟರಿ ಅಂಗಡಿಗೆ ಹೋದವರು ಮೊದಲು ಕೇಳುವುದು ‘ಯಾವ ಕಂಪನಿದು ಒಳ್ಳೇದು?’ ಎಂದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಎಕ್ಸೈಡ್, ಅಮರಾನ್, ಎಸ್‌ಎಫ್ ಸೋನಿಕ್, ಟಾಟಾ ಗ್ರೀನ್, ಲಿವ್‌ಗಾರ್ಡ್ ಇವುಗಳಲ್ಲಿ ಯಾವುದನ್ನು ತಂದರೂ ಕೆಲಸ ನಡೆಯುತ್ತದೆ. ಆದರೆ ಅಳತೆ ತಪ್ಪಿದರೆ, ಪ್ಲಸ್ ಇರಬೇಕಾದ ಕಡೆ ಮೈನಸ್ ಬಂದರೆ, ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂತು ಸೊರಗಿದ್ದನ್ನು ತಂದರೆ, ಸ್ಟಾರ್ಟ್-ಸ್ಟಾಪ್ (ಸಿಗ್ನಲ್‌ನಲ್ಲಿ ಎಂಜಿನ್ ತಾನೇ ನಿಂತು ಸ್ಟಾರ್ಟ್ ಆಗುವ ಏರ್ಪಾಡು) ಇರುವ ಗಾಡಿಗೆ ಮಾಮೂಲಿ ಬ್ಯಾಟರಿ ಹಾಕಿದರೆ ಯಾವ ಹೆಸರೂ ಕಾಪಾಡುವುದಿಲ್ಲ. ಇದಕ್ಕೂ ಮೊದಲು, ಕೆಟ್ಟಿರುವುದು ಬ್ಯಾಟರಿಯೇ ಹೌದೇ ಎಂಬುದು ತೀರ್ಮಾನವಾಗಬೇಕು. ಚಾರ್ಜಿಂಗ್ ದೋಷವಿರುವ ಗಾಡಿಗೆ ಹೊಸ ಬ್ಯಾಟರಿ ಹಾಕಿದರೆ ಕೆಲವೇ ವಾರಗಳಲ್ಲಿ ಅದೂ ಹಳೆಯದರ ದಾರಿ ಹಿಡಿಯುತ್ತದೆ.

ಕೆಟ್ಟಿರುವುದು ಬ್ಯಾಟರಿಯೇ?

ಕೀ ತಿರುಗಿಸಿದಾಗ ಸೆಲ್ಫ್ ಕಷ್ಟಪಟ್ಟು ನಿಧಾನಕ್ಕೆ ತಿರುಗುವುದು, ಇಲ್ಲವೇ ಬರೀ ಟಿಕ್ ಟಿಕ್ ಎನ್ನುವುದು, ಆ ಹೊತ್ತಿಗೆ ಹೆಡ್‌ಲೈಟ್ ಮಂಕಾಗುವುದು, ಎಬಿಎಸ್ ಮತ್ತು ಪವರ್ ಸ್ಟೀರಿಂಗ್ ದೀಪಗಳು ಒಟ್ಟಿಗೇ ಹತ್ತಿಕೊಳ್ಳುವುದು, ಇವೆಲ್ಲ ವೋಲ್ಟೇಜ್ ಕುಸಿದ ಲಕ್ಷಣಗಳು. ಕುಸಿತಕ್ಕೆ ಬ್ಯಾಟರಿ ಮುದಿಯಾಗಿರುವುದೊಂದೇ ಕಾರಣವಲ್ಲ. ಟರ್ಮಿನಲ್ (ಬ್ಯಾಟರಿಯ ಪ್ಲಸ್, ಮೈನಸ್ ಗೂಟ) ಮೇಲೆ ವೈರನ್ನು ಹಿಡಿದಿಡುವ ಕ್ಲಾಂಪ್ ಸಡಿಲವಾಗಿ ಒಳಗೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿರಬಹುದು, ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡದೆ ಇರಬಹುದು, ಅಥವಾ ಒಳಗಿನ ದೀಪವೊಂದು ರಾತ್ರಿಯೆಲ್ಲ ಉರಿದಿರಬಹುದು. ಆದ್ದರಿಂದ ಮೊದಲು ಕ್ಲಾಂಪ್ ಹಿಡಿದು ಕೈಯಿಂದ ತಿರುಗಿಸಿ ನೋಡಿ. ಅಲ್ಲಾಡಿದರೆ ಅದನ್ನು ಬಿಗಿ ಮಾಡಿದ ಮೇಲೆ ಮುಂದಿನ ಮಾತು.

ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದಿದ್ದರೆ ಮನೆಯಲ್ಲೇ ಮೂರು ಪರೀಕ್ಷೆ ಮಾಡಬಹುದು. ಮೊದಲನೆಯದು, ಗಾಡಿ ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ. ಡಿಸಿ 20 ವೋಲ್ಟ್ ಮಾಪನಕ್ಕೆ ತಿರುಗಿಸಿ ಎರಡೂ ಟರ್ಮಿನಲ್‌ಗೆ ಮುಟ್ಟಿಸಿದಾಗ 12.6 ಅಥವಾ 12.7 ಬಂದರೆ ಪೂರ್ತಿ ಚಾರ್ಜ್ ಇದೆ. 12.4 ಎಂದರೆ ಮುಕ್ಕಾಲು ಭಾಗ, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ ಉಳಿದಿದೆ ಎಂದು ಲೆಕ್ಕ. ಗಾಡಿ ಈಗಷ್ಟೇ ಓಡಿಸಿ ನಿಲ್ಲಿಸಿದ್ದರೆ ಮೀಟರ್ ಸುಳ್ಳು ಹೇಳುತ್ತದೆ. ಬ್ಯಾಟರಿಯ ಒಳಗಿನ ಸೀಸದ ಪ್ಲೇಟುಗಳ ಮೇಲ್ಮೈಯಲ್ಲಿ ಮಾತ್ರ ಇರುವ ಚಾರ್ಜು ವೋಲ್ಟೇಜನ್ನು ಹೆಚ್ಚು ತೋರಿಸುವುದರಿಂದ, ಎರಡು ನಿಮಿಷ ಹೆಡ್‌ಲೈಟ್ ಉರಿಸಿ, ಆರಿಸಿ, ಇನ್ನೂ ಕೆಲವು ನಿಮಿಷ ಬಿಟ್ಟು ಅಳೆಯಬೇಕು.

ಎರಡನೆಯದು ನಿಜವಾದ ಪರೀಕ್ಷೆ. ಮೀಟರನ್ನು ಟರ್ಮಿನಲ್‌ಗಳ ಮೇಲೆಯೇ ಹಿಡಿದುಕೊಂಡು ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಆ ಒಂದೆರಡು ಸೆಕೆಂಡಿನಲ್ಲಿ ವೋಲ್ಟೇಜ್ 10ಕ್ಕಿಂತ ಮೇಲೆ ನಿಂತರೆ ಬ್ಯಾಟರಿಗೆ ಶಕ್ತಿಯಿದೆ. ಮೊದಲು 12.5 ತೋರಿಸುತ್ತಿದ್ದದ್ದು ಹೊರೆ ಬಿದ್ದ ತಕ್ಷಣ 9.6ಕ್ಕಿಂತ ಕೆಳಗೆ ಇಳಿದರೆ ಅದರ ಕಾಲ ಮುಗಿದಿದೆ. ಇದೇ ಹೊತ್ತಿನಲ್ಲಿ ಮೀಟರಿನ ಮುಟ್ಟಿಸುವ ಕಡ್ಡಿಗಳಲ್ಲಿ ಒಂದನ್ನು ಟರ್ಮಿನಲ್ ಮೇಲೂ ಇನ್ನೊಂದನ್ನು ಅದೇ ಟರ್ಮಿನಲ್‌ನ ಕ್ಲಾಂಪ್ ಮೇಲೂ ಇಟ್ಟು ನೋಡಿ. ಅವೆರಡರ ನಡುವೆ 0.3 ವೋಲ್ಟ್‌ಗಿಂತ ಹೆಚ್ಚು ಕಂಡರೆ ದೋಷ ಸಂಪರ್ಕದಲ್ಲಿದೆ, ಬ್ಯಾಟರಿಯಲ್ಲಲ್ಲ. ಉಜ್ಜಿ ಬಿಗಿ ಮಾಡಿದರೆ ಸಾವಿರಾರು ರೂಪಾಯಿ ಉಳಿಯುತ್ತದೆ.

ಮೂರನೆಯದು, ಎಂಜಿನ್ ಓಡುತ್ತಿರುವಾಗ. 13.8ರಿಂದ 14.7ರ ನಡುವೆ ಇರಬೇಕು. ಎಸಿ, ಹೆಡ್‌ಲೈಟ್ ಎಲ್ಲ ಹಾಕಿದ ಮೇಲೂ 13.5ರ ಆಸುಪಾಸು ನಿಲ್ಲಬೇಕು. 13ಕ್ಕಿಂತ ಕೆಳಗಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಬೇಕು. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯ ನೀರನ್ನು ಕುದಿಸಿ ಆವಿ ಮಾಡುತ್ತಿದೆ. ಈಚಿನ ಕೆಲವು ಕಾರುಗಳಲ್ಲಿ ಇಂಧನ ಉಳಿಸಲೆಂದು ಕಂಪ್ಯೂಟರೇ ಚಾರ್ಜಿಂಗ್ ಇಳಿಸುತ್ತದೆ, ಅಂಥ ಗಾಡಿಯಲ್ಲಿ 12.6 ಕಂಡರೆ ಗಾಬರಿ ಬೇಡ. ಹೆಡ್‌ಲೈಟ್ ಹಾಕಿದಾಗ ಅದು ಮೇಲೇರುತ್ತದೆಯೇ ನೋಡಿದರೆ ಸಾಕು.

ಬ್ಯಾಟರಿಯ ಮೇಲಿರುವ ಸಣ್ಣ ಗಾಜಿನ ಕಣ್ಣನ್ನು ನಂಬಿ ತೀರ್ಮಾನಿಸಬೇಡಿ. 12 ವೋಲ್ಟ್ ಬ್ಯಾಟರಿಯಲ್ಲಿ ಆರು ಸೆಲ್‌ಗಳಿರುತ್ತವೆ, ಆ ಕಣ್ಣು ನೋಡುವುದು ಒಂದೇ ಸೆಲ್ಲನ್ನು. ಹಸಿರು ಕಂಡರೂ ಉಳಿದ ಐದರಲ್ಲಿ ಒಂದು ಸತ್ತಿರಬಹುದು. ಪೂರ್ತಿ ಚಾರ್ಜ್ ಮಾಡಿದ ಮೇಲೂ 10.5 ವೋಲ್ಟ್ ಸುತ್ತಮುತ್ತಲೇ ನಿಂತರೆ ಒಂದು ಸೆಲ್ ಶಾರ್ಟ್ ಆಗಿದೆ ಎಂದೇ ತಿಳಿಯಿರಿ.

ನಮ್ಮ ರಸ್ತೆಗಳಲ್ಲಿ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬರುತ್ತದೆ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯ 40 ಡಿಗ್ರಿ ದಾಟುವ ಬಿಸಿಲು ಅದರ ದೊಡ್ಡ ಶತ್ರು. ಬಿಸಿಗೆ ನೀರು ಆವಿಯಾಗುತ್ತದೆ, ಒಳಗಿನ ಸೀಸದ ಜಾಲರಿ ಬೇಗ ಸವೆದುಹೋಗುತ್ತದೆ. ಬೆಂಗಳೂರಿನಲ್ಲಿ ಶತ್ರು ಬೇರೆ. ನಾಲ್ಕು ಕಿಲೋಮೀಟರ್ ಆಫೀಸಿಗೆ ಮುಕ್ಕಾಲು ಗಂಟೆ ಟ್ರಾಫಿಕ್, ಎಸಿ ಬ್ಲೋವರ್, ವೈಪರ್, ಹೆಡ್‌ಲೈಟ್ ಎಲ್ಲ ಚಾಲೂ, ಎಂಜಿನ್ ಮಾತ್ರ ನಿಂತಲ್ಲೇ ಕಡಿಮೆ ವೇಗದಲ್ಲಿ ತಿರುಗುವ ಐಡಲ್‌ನಲ್ಲಿ. ಐಡಲ್‌ನಲ್ಲಿ ಆಲ್ಟರ್ನೇಟರ್ ಹುಟ್ಟಿಸುವ ಕರೆಂಟು ಇವಕ್ಕೇ ಸರಿಹೋಗಿ ಬ್ಯಾಟರಿ ಯಾವಾಗಲೂ ಅರೆಹೊಟ್ಟೆಯಲ್ಲಿರುತ್ತದೆ. ಹಾಗೆ ಬಹಳ ದಿನ ಇದ್ದರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಕರಗುವುದಿಲ್ಲ. ಮಂಗಳೂರು, ಕಾರವಾರದ ಉಪ್ಪುಗಾಳಿ ಟರ್ಮಿನಲ್ ಮತ್ತು ಅರ್ಥ್ ವೈರನ್ನು ತಿನ್ನುತ್ತದೆ. ನಿಮ್ಮ ಹಳೆಯ ಬ್ಯಾಟರಿ ಯಾವ ಕಾರಣಕ್ಕೆ ಹೋಯಿತು ಎಂದು ತಿಳಿದಿದ್ದರೆ ಹೊಸದನ್ನು ಆರಿಸುವುದೂ ಸುಲಭ.

ಹಳೆಯ ಬ್ಯಾಟರಿಯ ಮೇಲಿನ ಕೋಡ್ ಓದುವುದು

ಅಂಗಡಿಗೆ ಹೋಗುವ ಮುಂಚೆ ಬಾನೆಟ್ ಎತ್ತಿ ಬ್ಯಾಟರಿಯ ಮೇಲ್ಭಾಗದ, ಪಕ್ಕದ, ಕೆಳಗಿನ ಅಂಚಿನ ಫೋಟೋ ತೆಗೆದುಕೊಳ್ಳಿ. ಭಾರತದ ಕಾರುಗಳಲ್ಲಿ ಎರಡು ಕುಟುಂಬದ ಬ್ಯಾಟರಿಗಳು ಬರುತ್ತವೆ: ಜಪಾನಿ ಅಳತೆಯವು ಮತ್ತು ಡಿಐಎನ್ ಎಂದು ಕರೆಯುವ ಯುರೋಪಿನ ಅಳತೆಯವು.

ಜಪಾನಿ ಕೋಡ್‌ಗೆ 38ಬಿ20ಎಲ್ ಒಳ್ಳೆಯ ಉದಾಹರಣೆ, ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಕಾಣುವಂಥದ್ದು. ಇದರಲ್ಲಿ 38 ಎಂಬುದು ಆಂಪಿಯರ್-ಅವರ್ (ಎಎಚ್, ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಅಲ್ಲ, ಅದು ಸಾಮರ್ಥ್ಯದ ದರ್ಜೆ. ಈ ಬ್ಯಾಟರಿ ಸಾಮಾನ್ಯವಾಗಿ 35 ಎಎಚ್‌ನದು. ‘ಬಿ’ ಎಂದರೆ ಅಗಲ ಸುಮಾರು 128 ಮಿಲಿಮೀಟರ್. ‘ಡಿ’ ಇದ್ದರೆ 173 ಮಿಲಿಮೀಟರ್, ಅಂದರೆ ಕಾರಿನಲ್ಲಿ ಬಿ ಬ್ಯಾಟರಿ ಕೂರುವ ತಟ್ಟೆಯಲ್ಲಿ ಡಿ ಕೂರುವುದೇ ಇಲ್ಲ. 20 ಎಂದರೆ ಉದ್ದ ಸುಮಾರು 20 ಸೆಂಟಿಮೀಟರ್. ಹೀಗೆಯೇ 55ಬಿ24, 55ಡಿ23, 80ಡಿ26 ಎಲ್ಲವನ್ನೂ ಓದಬಹುದು.

ಕೊನೆಯ ಅಕ್ಷರದಲ್ಲೇ ಹೆಚ್ಚಿನವರು ಎಡವುವುದು. ಬ್ಯಾಟರಿಯ ಟರ್ಮಿನಲ್‌ಗಳಿರುವ ಉದ್ದದ ಅಂಚು ನಿಮ್ಮ ಕಡೆಗೆ ಬರುವಂತೆ ಇಟ್ಟುಕೊಳ್ಳಿ. ಆಗ ಪ್ಲಸ್ ಬಲಗಡೆ ಇದ್ದರೆ ಅದು ‘ಎಲ್’, ಎಡಗಡೆ ಇದ್ದರೆ ‘ಆರ್’. ಎಲ್ ಎಂದರೆ ಲೆಫ್ಟ್ ಎಂದುಕೊಂಡು ಪ್ಲಸ್ ಎಡಗಡೆ ಇರುತ್ತದೆಂದು ತಿಳಿದವರು ತಪ್ಪು ಬ್ಯಾಟರಿ ತಂದು ಪ್ಲಸ್ ವೈರು ಎಟುಕದೆ ಒದ್ದಾಡುತ್ತಾರೆ. ವೈರ್ ಎಳೆದು, ಬ್ಯಾಟರಿಯನ್ನು ತಿರುಗಿಸಿ ಇಟ್ಟು ಹೇಗೋ ಸೇರಿಸಿದರೆ ಟರ್ಮಿನಲ್‌ಗಳು ಬಾನೆಟ್‌ಗೆ ಅಥವಾ ಬಾಡಿಗೆ ತೀರ ಹತ್ತಿರ ಬಂದು ಶಾರ್ಟ್ ಆಗುವ ಅಪಾಯವಿದೆ. ಕಾರ್ಖಾನೆಯಿಂದ ಯಾವುದು ಬಂದಿತ್ತೋ ಅದನ್ನೇ ತನ್ನಿ.

ಟರ್ಮಿನಲ್ ದಪ್ಪವೂ ಎರಡು ಬಗೆ. ಬಿ19, ಬಿ20 ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ಸಣ್ಣ ಟರ್ಮಿನಲ್, ದೊಡ್ಡ ಬ್ಯಾಟರಿಗಳಲ್ಲಿ ದಪ್ಪನೆಯದು. ಬಿ24ರಲ್ಲಿ ಎರಡೂ ಬರುತ್ತವೆ, ಕೋಡಿನ ತುದಿಯಲ್ಲಿ ‘ಎಸ್’ ಇದ್ದರೆ ದಪ್ಪ. ಯಾವ ಬಗೆಯಲ್ಲೂ ಪ್ಲಸ್ ಟರ್ಮಿನಲ್ ಮೈನಸ್‌ಗಿಂತ ತುಸು ದಪ್ಪಗಿರುತ್ತದೆ, ಅದಲುಬದಲು ಆಗದಿರಲೆಂದು. ದಪ್ಪ ಕ್ಲಾಂಪ್‌ಗೆ ಸಣ್ಣ ಟರ್ಮಿನಲ್ ಬಂದರೆ ತಗಡಿನ ಚೂರು ತುರುಕಿ ಬಿಗಿ ಮಾಡುವ ಪದ್ಧತಿ ಇದೆ. ಬೇಡ. ಗಾಡಿ ಅಲುಗಿದಂತೆ ಅದು ಸಡಿಲವಾಗುತ್ತದೆ, ಸಂಪರ್ಕ ಬಿಸಿಯಾಗಿ ಕಪ್ಪಾಗುತ್ತದೆ. ಸಣ್ಣ ಕ್ಲಾಂಪ್‌ಗೆ ಹೊಂದಲೆಂದು ಹೊಸ ಟರ್ಮಿನಲ್ಲನ್ನು ಅರದಿಂದ ಉಜ್ಜುವುದೂ ತಪ್ಪು, ವಾರಂಟಿ ಅಲ್ಲಿಗೇ ಹೋಯಿತು.

ಡಿಐಎನ್ ಬ್ಯಾಟರಿಗಳ ಅಗಲ ಒಂದೇ, 175 ಮಿಲಿಮೀಟರ್. ಉದ್ದ 207, 242, 278 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎತ್ತರ 175 ಅಥವಾ 190. ಇವುಗಳ ತಳದಲ್ಲಿ ಚಾಚಿದ ಅಂಚು ಇರುತ್ತದೆ, ತಟ್ಟೆಯಲ್ಲಿರುವ ಬೆಣೆಯೊಂದು ಆ ಅಂಚನ್ನು ಒತ್ತಿ ಹಿಡಿಯುತ್ತದೆ. ಜಪಾನಿ ಬ್ಯಾಟರಿಯನ್ನು ಮೇಲಿನಿಂದ ಪಟ್ಟಿ ಹಾಕಿ ಹಿಡಿಯುವುದು. ಹೀಗಾಗಿ ಉದ್ದಗಲ ಹೊಂದಿದರೂ ಒಂದರ ಜಾಗದಲ್ಲಿ ಇನ್ನೊಂದು ಗಟ್ಟಿಯಾಗಿ ನಿಲ್ಲುವುದಿಲ್ಲ.

ಎಎಚ್, ಸಿಸಿಎ, ಮತ್ತು ಬ್ಯಾಟರಿಯ ಜಾತಿ

35 ಎಎಚ್ ಎಂದರೆ 1.75 ಆಂಪಿಯರ್‌ನಂತೆ 20 ಗಂಟೆ ಕೊಡುವ ಸಾಮರ್ಥ್ಯ. ಸಿಸಿಎ ಎಂದರೆ ಮೈನಸ್ 18 ಡಿಗ್ರಿ ಚಳಿಯಲ್ಲಿ ಎಂಜಿನ್ ತಿರುಗಿಸಲು ಎಷ್ಟು ಆಂಪಿಯರ್ ಕೊಡಬಲ್ಲದು ಎಂಬ ಅಳತೆ. ನಮ್ಮ ಹವೆಯಲ್ಲಿ ಅಂಥ ಚಳಿ ಬರುವುದಿಲ್ಲವಾದ್ದರಿಂದ ಸಿಸಿಎ ಹಿಂದೆ ಬಿದ್ದು ಹೆಚ್ಚು ಹಣ ಸುರಿಯಬೇಕಿಲ್ಲ, ಕಾರಿನ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇರದಿದ್ದರೆ ಸಾಕು. ಡೀಸೆಲ್ ಎಂಜಿನ್‌ನಲ್ಲಿ ಒತ್ತಡ ಹೆಚ್ಚು, ಸ್ಟಾರ್ಟ್ ಮಾಡುವಾಗ ಎಂಜಿನ್ನಿನ ಒಳಗನ್ನು ಬಿಸಿ ಮಾಡುವ ಗ್ಲೋ ಪ್ಲಗ್‌ಗಳೂ ಕರೆಂಟು ಕುಡಿಯುತ್ತವೆ; ಅಲ್ಲಿ ಹೇಳಿದ್ದಕ್ಕಿಂತ ಸಣ್ಣದು ಹಾಕಲೇಬಾರದು. 

‘ದೊಡ್ಡ ಬ್ಯಾಟರಿ ಹಾಕಿದರೆ ಆಲ್ಟರ್ನೇಟರ್ ಸುಟ್ಟುಹೋಗುತ್ತದೆ’ ಎಂಬ ಮಾತು ಸುಳ್ಳು. ತಟ್ಟೆಯಲ್ಲಿ ಸರಿಯಾಗಿ ಕೂರುವುದಾದರೆ 35ರ ಜಾಗಕ್ಕೆ 40 ಅಥವಾ 45 ಎಎಚ್ ಹಾಕಬಹುದು. ಆದರೆ ದಿನಕ್ಕೆ ಐದು ಕಿಲೋಮೀಟರ್ ಓಡುವ ಗಾಡಿಗೆ ಅದರಿಂದ ಲಾಭವಿಲ್ಲ. ಸಣ್ಣದೇ ತುಂಬದ ಕಡೆ ದೊಡ್ಡದು ತುಂಬುವುದೆಲ್ಲಿ? ಜಾಸ್ತಿ ದುಡ್ಡನ್ನು ಎಎಚ್‌ಗೆ ಕೊಡುವ ಬದಲು ಒಂದು ಒಳ್ಳೆಯ ಸ್ಮಾರ್ಟ್ ಚಾರ್ಜರ್‌ಗೆ ಕೊಡಿ, ತಿಂಗಳಿಗೊಮ್ಮೆ ರಾತ್ರಿ ಹಾಕಿಡಿ.

ಜಾತಿಯಲ್ಲಿ ಮಾತ್ರ ರಾಜಿ ಬೇಡ. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ನಿಂತು ತಾನೇ ಸ್ಟಾರ್ಟ್ ಆಗುವ ಕಾರುಗಳಿಗೆ, ಮೈಲ್ಡ್ ಹೈಬ್ರಿಡ್‌ಗಳಿಗೆ, ಇಎಫ್‌ಬಿ (ಸಾದಾ ಬ್ಯಾಟರಿಯ ಗಟ್ಟಿಗೊಳಿಸಿದ ರೂಪ) ಅಥವಾ ಎಜಿಎಂ (ಆಸಿಡ್ಡನ್ನು ಗಾಜಿನ ನಾರಿನ ಹಾಳೆಯಲ್ಲಿ ಹೀರಿಸಿಟ್ಟ ಬಗೆ) ಬ್ಯಾಟರಿ ಬರುತ್ತದೆ. ಜಪಾನಿ ಅಳತೆಯ ಇಎಫ್‌ಬಿಗಳ ಕೋಡು ಎಂ42, ಎನ್55, ಕ್ಯೂ85 ಎಂದಿರುತ್ತದೆ. ಇವು ಕ್ರಮವಾಗಿ ಬಿ20, ಬಿ24, ಡಿ23 ಪೆಟ್ಟಿಗೆಯ ಅಳತೆಯವೇ. ಎನ್55 ತೆಗೆದು ಅದೇ ಗಾತ್ರದ, ಕಡಿಮೆ ಬೆಲೆಯ ಸಾದಾ ಬಿ24 ಹಾಕಿದರೆ ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ದಿನಕ್ಕೆ ಹತ್ತಾರು ಸಲ ಸ್ವಲ್ಪ ಸ್ವಲ್ಪ ಇಳಿದು ಮತ್ತೆ ತುಂಬುವ ಕೆಲಸಕ್ಕೆ ಸಾದಾ ಪ್ಲೇಟುಗಳು ಮಾಡಿದ್ದಲ್ಲ. ವರ್ಷ ತುಂಬುವಷ್ಟರಲ್ಲಿ ಸೊರಗುತ್ತವೆ, ಸ್ಟಾರ್ಟ್-ಸ್ಟಾಪ್ ಕೆಲಸ ಮಾಡುವುದು ನಿಲ್ಲಿಸುತ್ತದೆ. ಇಎಫ್‌ಬಿ ಇದ್ದ ಕಡೆ ಇಎಫ್‌ಬಿ ಅಥವಾ ಎಜಿಎಂ, ಎಜಿಎಂ ಇದ್ದ ಕಡೆ ಎಜಿಎಂ ಮಾತ್ರ. ಹಾಗೆಂದು ಸಾದಾ ಬ್ಯಾಟರಿಯ ಕಾರಿಗೆ ಎಜಿಎಂ ತಂದು ಬಿಸಿ ಎಂಜಿನ್ ಪಕ್ಕದಲ್ಲೇ ಕೂರಿಸುವುದೂ ಜಾಣತನವಲ್ಲ. ಎಜಿಎಂಗೆ ಬಿಸಿ ಆಗಿಬರುವುದಿಲ್ಲ, ನೀರು ಹೋದರೆ ಮತ್ತೆ ತುಂಬಲೂ ಬರುವುದಿಲ್ಲ. ಜರ್ಮನ್ ಕಾರುಗಳು ಅದನ್ನು ಡಿಕ್ಕಿಯಲ್ಲಿ ಇಟ್ಟಿರುವುದಕ್ಕೆ ಇದೂ ಒಂದು ಕಾರಣ.

ಬ್ಯಾಟರಿ ಕಾರಿನ ಒಳಗೆ, ಸೀಟಿನ ಕೆಳಗೆ ಅಥವಾ ಡಿಕ್ಕಿಯಲ್ಲಿದ್ದರೆ ಅದರ ಪಕ್ಕದಿಂದ ಸಣ್ಣ ರಬ್ಬರ್ ನಳಿಕೆಯೊಂದು ಹೊರಗೆ ಹೋಗಿರುತ್ತದೆ. ಚಾರ್ಜಿಂಗ್‌ನಲ್ಲಿ ಹುಟ್ಟುವ ಹೈಡ್ರೋಜನ್ ಹೊರಹೋಗುವ ದಾರಿ ಅದು. ಹೊಸ ಬ್ಯಾಟರಿಯಲ್ಲೂ ಆ ನಳಿಕೆ ಸಿಕ್ಕಿಸುವ ತೂತು ಇದೆಯೇ ನೋಡಿಕೊಳ್ಳಿ.

ಅಂಗಡಿಯಲ್ಲಿ

ಬ್ಯಾಟರಿ ಕೂತಲ್ಲೇ ಖಾಲಿಯಾಗುತ್ತದೆ, ಬಿಸಿಲಿನ ಗೋದಾಮಿನಲ್ಲಾದರೆ ಇನ್ನೂ ಬೇಗ. ಆದ್ದರಿಂದ ತಯಾರಾದ ತಿಂಗಳು ಕೇಳಿ, ಮೂರು ತಿಂಗಳೊಳಗಿನದನ್ನು ತೆಗೆದುಕೊಳ್ಳಿ. ಕೆಲವು ಕಂಪನಿಗಳು ತಾರೀಕನ್ನು ನೇರವಾಗಿ ಬರೆಯುತ್ತವೆ, ಕೆಲವು ಸಂಕೇತದಲ್ಲಿ ಅಚ್ಚೊತ್ತುತ್ತವೆ. ಸಂಕೇತವಿದ್ದರೆ ಹೇಗೆ ಓದುವುದೆಂದು ಅಂಗಡಿಯವರನ್ನೇ ಕೇಳಿ ತೋರಿಸಿಕೊಳ್ಳಿ. ಆಮೇಲೆ ನಿಮ್ಮ ಮುಂದೆಯೇ ವೋಲ್ಟೇಜ್ ಅಳೆಯಲು ಹೇಳಿ. 12.5ಕ್ಕಿಂತ ಕಡಿಮೆ ಇದ್ದರೆ ಬೇರೆ ಕೊಡಲು ಕೇಳಿ. ‘ಗಾಡಿ ಓಡಿಸಿದರೆ ತುಂಬಿಕೊಳ್ಳುತ್ತೆ’ ಎಂಬ ಸಮಾಧಾನ ಒಪ್ಪಬೇಡಿ. 12.2ರಲ್ಲಿ ತಿಂಗಳುಗಟ್ಟಲೆ ಕೂತ ಬ್ಯಾಟರಿಯ ಪ್ಲೇಟಿನಲ್ಲಿ ಆಗಲೇ ಸಲ್ಫೇಟ್ ಕಟ್ಟಿರುತ್ತದೆ. ಟರ್ಮಿನಲ್ ಮೇಲೆ ಕ್ಲಾಂಪ್ ಗೀರಿದ ಗುರುತು ಇದ್ದರೆ ಅದು ಯಾರೋ ಬಳಸಿ ಬಿಟ್ಟದ್ದು.

ವಾರಂಟಿಯ ದೊಡ್ಡ ಅಂಕಿಗೆ ಮರುಳಾಗಬೇಡಿ. 55 ತಿಂಗಳು ಎಂದು ಬರೆದಿದ್ದರೆ ಅದರ ಪಕ್ಕದಲ್ಲಿ 30+25 ಎಂಬ ವಿಭಾಗವಿರುತ್ತದೆ. ಮೊದಲ 30 ತಿಂಗಳು ಕೆಟ್ಟರೆ ಹೊಸದು ಉಚಿತ. ನಂತರದ 25 ತಿಂಗಳಲ್ಲಿ ಕೆಟ್ಟರೆ ಹೊಸದರ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ ಮಾತ್ರ, ಅದೂ ತಿಂಗಳು ಕಳೆದಂತೆ ಇಳಿಯುತ್ತದೆ. ಹೋಲಿಸಬೇಕಾದದ್ದು ಮೊದಲ ಅಂಕಿಯನ್ನು. ಟ್ಯಾಕ್ಸಿಗೆ ವಾರಂಟಿ ಅವಧಿ ಬೇರೆ ಇರುತ್ತದೆ, ಹಳದಿ ಬೋರ್ಡ್ ಇದ್ದವರು ಮೊದಲೇ ಹೇಳಿ ಬರೆಸಿಕೊಳ್ಳಬೇಕು. ಬಿಲ್ಲಿನಲ್ಲಿ ಬ್ಯಾಟರಿಯ ಸೀರಿಯಲ್ ನಂಬರ್ ಮತ್ತು ಗಾಡಿ ನಂಬರ್ ಇರಲಿ. ಆಸಿಡ್ ಹಬೆಗೆ ಸ್ಟಿಕರ್ ಮಾಸಿಹೋಗುವುದರಿಂದ ಸೀರಿಯಲ್ ನಂಬರಿನ ಫೋಟೋ ಅಂದೇ ತೆಗೆದಿಡಿ.

ಕೂರಿಸುವ ಕೆಲಸ

ಬೇಕಾದದ್ದು ಹೆಚ್ಚೇನಿಲ್ಲ. ಹೆಚ್ಚಿನ ಜಪಾನಿ, ಕೊರಿಯನ್ ಮೂಲದ ಕಾರುಗಳ ಕ್ಲಾಂಪ್‌ಗೆ 10 ಎಂಎಂ ಸ್ಪ್ಯಾನರ್. ಹಿಡಿದಿಡುವ ಪಟ್ಟಿಗೆ 10, 12 ಅಥವಾ 13. ಡಿಐಎನ್ ತಟ್ಟೆಯ ಬೆಣೆ ಬಿಚ್ಚಲು ಉದ್ದನೆಯ ಎಕ್ಸ್‌ಟೆನ್ಷನ್ ಇರುವ ಸಾಕೆಟ್. ತಂತಿ ಬ್ರಷ್, ಅಡುಗೆ ಸೋಡಾ, ಹಳೆ ಬಟ್ಟೆ, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಸ್ವಲ್ಪ ವ್ಯಾಸಲೀನ್. ಉಂಗುರ, ಬಳೆ, ಕಡಗ, ಲೋಹದ ಪಟ್ಟಿಯ ಗಡಿಯಾರ ತೆಗೆದಿಡಿ. ಪ್ಲಸ್‌ಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿದರೆ ಕ್ಷಣಾರ್ಧದಲ್ಲಿ ಕೆಂಡವಾಗಿ ಬೆರಳು ಸುಡುತ್ತದೆ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಲ್ಲ ಆರಿಸಿ, ಕೀ ತೆಗೆಯಿರಿ. ಬಟನ್ ಸ್ಟಾರ್ಟ್ ಆದರೆ ಕೀಯನ್ನು ಮನೆಯೊಳಗೇ ಇಟ್ಟುಬನ್ನಿ. ಕೀ ತೆಗೆಯುವ ಮುಂಚೆಯೇ ಡ್ರೈವರ್ ಕಡೆಯ ಗಾಜು ಇಳಿಸಿಡಿ. ಡಿಕ್ಕಿಯಲ್ಲಿ ಬ್ಯಾಟರಿ ಇದ್ದರೆ ಕೆಲಸ ಮುಗಿಯುವವರೆಗೆ ಡಿಕ್ಕಿ ಮುಚ್ಚಬೇಡಿ, ಕರೆಂಟಿಲ್ಲದೆ ಬೀಗ ತೆರೆಯದು. ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಟ್ಟರೆ ಒಳಗಿನ ಕಂಪ್ಯೂಟರ್‌ಗಳು ನಿದ್ದೆಗೆ ಹೋಗುತ್ತವೆ. ಎಂಜಿನ್ ಓಡುತ್ತಿರುವಾಗ ಮಾತ್ರ ಯಾವ ಕಾರಣಕ್ಕೂ ಬ್ಯಾಟರಿ ಬಿಚ್ಚಬೇಡಿ. ಬ್ಯಾಟರಿಯ ಆಸರೆ ತಪ್ಪಿದ ಆಲ್ಟರ್ನೇಟರ್‌ನಿಂದ ಹತ್ತಾರು ವೋಲ್ಟಿನ ಜಿಗಿತ ಎದ್ದು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸುಡಬಹುದು. ಹಳೆಯ ಅಂಬಾಸಿಡರ್ ಕಾಲದಲ್ಲಿ ಡೈನಮೋ ಪರೀಕ್ಷೆಗೆ ಹಾಗೆ ಮಾಡುತ್ತಿದ್ದರು, ಇಂದಿನ ಗಾಡಿಗೆ ಅದು ಸಲ್ಲ.

ಮೊದಲು ಬಿಚ್ಚುವುದು ಮೈನಸ್. ಕಾರಿನ ಇಡೀ ಲೋಹದ ಮೈ ಮೈನಸ್‌ಗೆ ಸೇರಿರುತ್ತದೆ. ಮೈನಸ್ ಇನ್ನೂ ಸೇರಿಕೊಂಡಿರುವಾಗಲೇ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್‌ನ ಇನ್ನೊಂದು ತುದಿ ಬಾಡಿಗೆ ತಾಗಿದರೆ ನೇರ ಶಾರ್ಟ್. ಕಿಡಿ ಹಾರಿ ಅಲ್ಲಿರುವ ಹೈಡ್ರೋಜನ್‌ಗೆ ತಗುಲಿದರೆ ಬ್ಯಾಟರಿ ಸಿಡಿಯುತ್ತದೆ. ಮೈನಸ್ ಕಳಚಿದ ಮೇಲೆ ಹಾಗೆ ತಾಗಿದರೂ ಏನೂ ಆಗದು. ಕಳಚಿದ ಮೈನಸ್ ವೈರಿಗೆ ಬಟ್ಟೆ ಸುತ್ತಿ ಪಕ್ಕಕ್ಕೆ ಸಿಕ್ಕಿಸಿ, ಆಮೇಲೆ ಪ್ಲಸ್ ಬಿಚ್ಚಿ.

ಕ್ಲಾಂಪ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಸುತ್ತಿಗೆಯಿಂದ ತಟ್ಟಲೇಬೇಡಿ. ಬಿಸಿನೀರಿನಲ್ಲಿ ಸೋಡಾ ಕಲಸಿ ಅದರ ಮೇಲೆ ಸುರಿದರೆ ಪುಡಿ ನೊರೆಗಟ್ಟಿ ಕರಗುತ್ತದೆ, ಕ್ಲಾಂಪ್‌ನ ಸೀಳನ್ನು ತುಸು ಅಗಲಿಸಿ ಅತ್ತಿತ್ತ ತಿರುಗಿಸಿದರೆ ಬರುತ್ತದೆ. ಈಚಿನ ಬಹಳಷ್ಟು ಕಾರುಗಳಲ್ಲಿ ಮೈನಸ್ ಕ್ಲಾಂಪ್‌ಗೆ ಅಂಟಿದಂತೆ ಬ್ಯಾಟರಿಯ ಮಟ್ಟ ಅಳೆಯುವ, ಬೆಂಕಿಪೊಟ್ಟಣದಷ್ಟು ಗಾತ್ರದ ಸೆನ್ಸರ್ ಇರುತ್ತದೆ, ಅದು ಮುರಿದರೆ ದೊಡ್ಡ ಖರ್ಚು. ಪ್ಲಸ್ ಕಡೆ ಫ್ಯೂಸ್ ಪೆಟ್ಟಿಗೆಯೇ ಕ್ಲಾಂಪ್ ಮೇಲೆ ಕೂತಿರಬಹುದು. ಅದರ ಪ್ಲಾಸ್ಟಿಕ್ ಕೊಂಡಿಗಳನ್ನು ಒತ್ತಿ ಬಿಡಿಸಿ, ಎಳೆಯಬೇಡಿ.

ಹಿಡಿದಿಡುವ ಪಟ್ಟಿಯ ನಟ್ ಬಿಚ್ಚುವಾಗ ಕೈ ಕೆಳಗಿರಲಿ, ಬಿದ್ದರೆ ಎಂಜಿನ್ ಸಂದಿಯಲ್ಲಿ ಹುಡುಕುವುದೇ ದೊಡ್ಡ ಕೆಲಸ. ಕೆಲವು ಕಾರುಗಳಲ್ಲಿ ಗಾಳಿಯ ಪೈಪ್ ತೆಗೆದರೇ ಬ್ಯಾಟರಿ ಮೇಲೆ ಬರುವುದು. 35 ಎಎಚ್‌ನದು ಹತ್ತು ಕಿಲೋ ಹತ್ತಿರ, ಡೀಸೆಲ್ ಕಾರಿನದು ಅದಕ್ಕಿಂತ ಬಹಳ ಭಾರ. ನೇರವಾಗಿ ಎತ್ತಿ, ಓರೆ ಮಾಡಬೇಡಿ. ಆಸಿಡ್ ಮೈಗೆ ತಾಗಿದರೆ ಧಾರಾಳ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ನೀರು ಹಾಯಿಸಿ ನೇರ ಆಸ್ಪತ್ರೆಗೆ.

ಖಾಲಿ ತಟ್ಟೆಯನ್ನು ಸೋಡಾ ನೀರಿನಲ್ಲಿ ತೊಳೆದು ಒರೆಸಿ. ಕ್ಲಾಂಪ್‌ಗಳ ಒಳಮೈಯನ್ನು ಲೋಹ ಹೊಳೆಯುವವರೆಗೆ ಉಜ್ಜಿ. ಮೈನಸ್ ವೈರಿನ ಇನ್ನೊಂದು ತುದಿ ಬಾಡಿಗೆ ಸೇರುವ ಬೋಲ್ಟನ್ನೂ ನೋಡಿ, ಕರಾವಳಿಯ ಗಾಡಿಗಳಲ್ಲಿ ಅಲ್ಲೇ ತುಕ್ಕು. ಹೊಸ ಬ್ಯಾಟರಿ ಇಳಿಸಿ, ಪ್ಲಸ್ ಪ್ಲಸ್ ಕಡೆಗೇ ಇದೆಯೇ ಎಂದು ಇನ್ನೊಮ್ಮೆ ನೋಡಿ. ಉಲ್ಟಾ ಸೇರಿಸಿದರೆ ಮುಖ್ಯ ಫ್ಯೂಸ್ ಹಾರುತ್ತದೆ, ಆಲ್ಟರ್ನೇಟರ್ ಡಯೋಡ್‌ಗಳು ಸುಡುತ್ತವೆ, ದುರದೃಷ್ಟವಿದ್ದರೆ ಇಸಿಯು ಕೂಡ.

ವೈರ್ ಸೇರಿಸುವ ಮೊದಲೇ ಹಿಡಿ ಪಟ್ಟಿ ಬಿಗಿ ಮಾಡಿ. ಬ್ಯಾಟರಿ ಕೈಗೆ ಅಲ್ಲಾಡಬಾರದು, ಪೆಟ್ಟಿಗೆ ಬಗ್ಗುವಷ್ಟು ಬಿಗಿಯೂ ಆಗಬಾರದು. ಮನೆಗೇ ಬಂದು ಹಾಕಿಕೊಡುವವರು ಆತುರದಲ್ಲಿ ಬಿಟ್ಟುಬಿಡುವ ಕೆಲಸ ಇದೇ. ನಮ್ಮ ಹಂಪು, ಗುಂಡಿಗಳಲ್ಲಿ ಕುಲುಕಿ ಕುಲುಕಿ ಪ್ಲೇಟಿನ ಲೇಪ ಉದುರುತ್ತದೆ, ತಳದಲ್ಲಿ ಶೇಖರವಾಗಿ ಸೆಲ್ ಶಾರ್ಟ್ ಆಗುತ್ತದೆ.

ಈಗ ಮೊದಲು ಪ್ಲಸ್, ಆಮೇಲೆ ಮೈನಸ್. ಕ್ಲಾಂಪ್ ತಳದವರೆಗೆ ಇಳಿಯಲಿ. ನಟ್ ಬಿಗಿಯಲು ಮಣಿಕಟ್ಟಿನ ಬಲ ಸಾಕು, ಟಾರ್ಕ್ ರೆಂಚ್ ಇದ್ದವರಿಗೆ ಸುಮಾರು 5 ನ್ಯೂಟನ್ ಮೀಟರ್. ಟರ್ಮಿನಲ್ ಮೆದು ಸೀಸದ್ದು, ತೋಳಿನ ಬಲ ಹಾಕಿದರೆ ಬುಡದಲ್ಲಿ ಬಿರುಕು ಬಿಟ್ಟು ಆಸಿಡ್ ಜಿನುಗುತ್ತದೆ. ಮೈನಸ್ ತಾಗಿಸುವಾಗ ಸಣ್ಣ ಕಿಡಿ ಸಹಜ. ದೊಡ್ಡ ನೀಲಿ ಕಿಡಿ ಬಂದರೆ ಯಾವುದೋ ಸ್ವಿಚ್ ಹಾಕಿಯೇ ಇದೆ, ನಿಲ್ಲಿಸಿ ನೋಡಿ. ವ್ಯಾಸಲೀನ್ ಹಚ್ಚುವುದು ಬಿಗಿ ಮಾಡಿದ ಮೇಲೆ, ಹೊರಮೈಗೆ. ಪ್ಲಸ್ ಮೇಲಿನ ಕೆಂಪು ಮುಚ್ಚಳ ಮರೆಯಬೇಡಿ.

ಗಡಿಯಾರ, ಸೆಟ್ಟಿಂಗ್ ಅಳಿಯದಿರಲೆಂದು ಸ್ಕ್ಯಾನರ್ ಸಿಕ್ಕಿಸುವ ಒಬಿಡಿ ಪೋರ್ಟ್‌ಗೆ ಸಣ್ಣ 12 ವೋಲ್ಟ್ ಮೆಮೊರಿ ಸೇವರ್ ಸಿಕ್ಕಿಸುವುದುಂಟು. ಒಳ್ಳೆಯದೇ, ಆದರೆ ಆಗ ಕಳಚಿದ ಪ್ಲಸ್ ಕ್ಲಾಂಪ್‌ನಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ. ಅದಕ್ಕೆ ದಪ್ಪ ಬಟ್ಟೆ ಅಥವಾ ರಬ್ಬರ್ ಸುತ್ತದೆ ಬಿಡಬಾರದು.

ಸ್ಟಾರ್ಟ್ ಮಾಡಿದ ಮೇಲೆ

ಮೊದಲ ಸಲ ಐಡಲ್ ಏರಿಳಿಯಬಹುದು. ಎಸಿ ಹಾಕದೆ ಐದಾರು ನಿಮಿಷ ಬಿಟ್ಟರೆ ಎಂಜಿನ್ ಕಂಪ್ಯೂಟರ್ ಮತ್ತೆ ಕಲಿಯುತ್ತದೆ. ಸ್ಟೀರಿಂಗ್ ದೀಪ ಉರಿಯುತ್ತಿದ್ದರೆ ಎಡದ ಕೊನೆಯಿಂದ ಬಲದ ಕೊನೆಯವರೆಗೆ ಒಮ್ಮೆ ತಿರುಗಿಸಿ ನೇರ ಮಾಡಿದರೆ ಹಲವು ಕಾರುಗಳಲ್ಲಿ ಆರುತ್ತದೆ. ಒಂದೇ ಸಲಕ್ಕೆ ತಾನೇ ಏರುವ ಆಟೋ ಗಾಜು ಕೆಲಸ ಮಾಡದಿದ್ದರೆ ಅದನ್ನು ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಎಳೆದೇ ಹಿಡಿಯಿರಿ. ಸ್ಟಾರ್ಟ್-ಸ್ಟಾಪ್ ಮೊದಲ ದಿನ ಕೆಲಸ ಮಾಡದಿದ್ದರೆ ಚಿಂತೆ ಬೇಡ, ರಾತ್ರಿ ನಿಂತ ಮೇಲೆ ಸೆನ್ಸರ್ ಹೊಸ ಬ್ಯಾಟರಿಯ ಮಟ್ಟ ಗುರುತಿಸುತ್ತದೆ. ಬಿಎಂಡಬ್ಲ್ಯು, ಆಡಿಯಂಥ ಕಾರುಗಳಲ್ಲಿ ಸ್ಕ್ಯಾನರ್‌ನಿಂದ ಹೊಸ ಬ್ಯಾಟರಿಯನ್ನು ನೋಂದಾಯಿಸಬೇಕು. ಇಲ್ಲದಿದ್ದರೆ ಮುದಿ ಬ್ಯಾಟರಿಗೆಂದು ಹೊಂದಿಸಿಕೊಂಡ ಚಾರ್ಜಿಂಗೇ ಮುಂದುವರಿದು ಹೊಸದರ ಆಯಸ್ಸು ತಿನ್ನುತ್ತದೆ. ಕೊನೆಗೆ ಮೀಟರ್ ಹಿಡಿದು ಚಾರ್ಜಿಂಗ್ ವೋಲ್ಟೇಜ್ ಇನ್ನೊಮ್ಮೆ ನೋಡಿ.

ಹಳೆಯದನ್ನು ಅಂಗಡಿಗೇ ಕೊಡಿ. ಬೆಲೆಯಲ್ಲಿ ಕಳೆದುಕೊಡುತ್ತಾರೆ, ಬಿಲ್ಲಿನಲ್ಲಿ ಅದು ಬರೆದಿರಲಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳು ಮರುಬಳಕೆಗೆ ಹೋಗುವಂತೆ ನೋಡಿಕೊಳ್ಳುವುದು ತಯಾರಕರ ಹೊಣೆ. ಬೀದಿ ಗುಜರಿಗೆ ನೂರಿನ್ನೂರು ಹೆಚ್ಚಿಗೆ ಸಿಗುತ್ತದೆಂದು ಕೊಟ್ಟರೆ ಆಸಿಡ್ ಚರಂಡಿಗೂ, ಸೀಸದ ಹೊಗೆ ಅಲ್ಲಿ ಕೆಲಸ ಮಾಡುವ ಹುಡುಗರ ಎದೆಗೂ ಹೋಗುತ್ತದೆ.

ಹೊಸದೂ ಇಳಿಯುತ್ತಿದ್ದರೆ

ಗಾಡಿ ನಿಂತಿರುವಾಗಲೂ ಅಲಾರಂ, ಗಡಿಯಾರ, ಕೀ ರಿಸೀವರ್ ಒಂದಿಷ್ಟು ಕರೆಂಟು ಕುಡಿಯುತ್ತವೆ. 30 ಮಿಲಿಆಂಪಿಯರ್ ಎಂದರೂ ದಿನಕ್ಕೆ 0.72 ಎಎಚ್, ತಿಂಗಳಿಗೆ 21 ಎಎಚ್ ದಾಟುತ್ತದೆ. 35 ಎಎಚ್ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು. ಪಾರ್ಕಿಂಗ್‌ನಲ್ಲೂ ಓಡುವ ಡ್ಯಾಶ್‌ಕ್ಯಾಮ್ 0.3 ಆಂಪಿಯರ್ ಎಳೆದರೆ ದಿನಕ್ಕೆ 7 ಎಎಚ್, ಮೂರನೆಯ ದಿನಕ್ಕೆ ಗಾಡಿ ಎಳೆಯುವುದು ಅನುಮಾನ. ಹೆಚ್ಚುವರಿಯಾಗಿ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಜಿಪಿಎಸ್, ಫಾಗ್ ಲ್ಯಾಂಪ್ ವೈರಿಂಗ್ ಮೇಲೆ ಮೊದಲು ಅನುಮಾನ ಪಡಿ.

ಅಳೆಯುವುದು ಹೀಗೆ: ಮಲ್ಟಿಮೀಟರ್‌ನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಮೈನಸ್ ಕ್ಲಾಂಪ್ ಬಿಚ್ಚಿ, ಟರ್ಮಿನಲ್‌ಗೂ ಕ್ಲಾಂಪ್‌ಗೂ ನಡುವೆ ಮೀಟರ್ ಸೇರಿಸಿ. ಬಾಗಿಲುಗಳೆಲ್ಲ ಮುಚ್ಚಿ ಅರ್ಧ ಗಂಟೆ ಕಾಯಿರಿ. ಆ ಹೊತ್ತಿನಲ್ಲಿ ಬಾಗಿಲು ತೆಗೆಯುವುದಾಗಲಿ ಸ್ಟಾರ್ಟ್ ಮಾಡುವುದಾಗಲಿ ಕೂಡದು, ಮೀಟರಿನ ಫ್ಯೂಸ್ ಹಾರಬಹುದು. ಅಂಕಿ 0.05 ಆಂಪಿಯರ್‌ಗಿಂತ ಕೆಳಗೆ ಇಳಿದರೆ ಸರಿ. ಇಳಿಯದಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆದು ನೋಡುತ್ತ ಹೋಗಿ. ಯಾವುದನ್ನು ತೆಗೆದಾಗ ಅಂಕಿ ಥಟ್ಟನೆ ಬೀಳುತ್ತದೋ ಕಳ್ಳ ಆ ಸಾಲಿನಲ್ಲಿದೆ. ಆ ಫ್ಯೂಸಿನ ನಂಬರ್ ಬರೆದುಕೊಂಡು ಎಲೆಕ್ಟ್ರಿಷಿಯನ್ ಹತ್ತಿರ ಹೋದರೆ ಅವರ ಅರ್ಧ ದಿನದ ಹುಡುಕಾಟವೂ ನಿಮ್ಮ ಅರ್ಧ ಕೂಲಿಯೂ ಉಳಿಯುತ್ತದೆ.